ಓದುಗರ ಪ್ರಶ್ನೆ: ದಾಳಿಂಬೆ ಬಿಡಿಸುವುದು, ಬಡಿಸುವುದು

ಪ್ರಶ್ನೆ: ಮಕ್ಕಳು ಶಾಲೆಯಿಂದ ಬಂದ ಕೂಡಲೇ ಕರಿದ ತಿಂಡಿಯ ಬದಲು ದಾಳಿಂಬೆ ಕೊಡಬೇಕೆಂದುಕೊಂಡಿದ್ದೇನೆ. ಆದರೆ ಬಿಡಿಸುವಾಗ ರಸ ಚಿಮ್ಮಿ ಬಟ್ಟೆಯೆಲ್ಲ ಕಲೆಯಾಗುತ್ತದೆ. ಕೆಲವೊಮ್ಮೆ ಹೊರಗೆ ಕೆಂಪಗೆ ಹೊಳೆಯುವ ಹಣ್ಣಿನ ಒಳಗೆ ಕಾಳುಗಳು ಕಪ್ಪಾಗಿರುತ್ತವೆ. ಒಳ್ಳೆಯ ಹಣ್ಣನ್ನು ಆರಿಸುವುದು ಹೇಗೆ, ಬಿಡಿಸುವುದು ಹೇಗೆ?
– ಗೃಹಿಣಿ, ಶಿವಮೊಗ್ಗ

ಉತ್ತರ: ಮೊದಲಿಗೆ, ಬಣ್ಣವನ್ನು ನಂಬಬೇಡಿ. ಈಗ ಮಾರುಕಟ್ಟೆಯನ್ನು ತುಂಬಿರುವ ಭಗ್ವಾ ತಳಿ ಹೊರಗೂ ಒಳಗೂ ಕಡುಗೆಂಪು. ಹಳೆಯ ಗಣೇಶ್ ತಳಿಯದು ಹಳದಿ ಬೆರೆತ ತಿಳಿಗೆಂಪು ಸಿಪ್ಪೆ, ನಸುಗೆಂಪು ಕಾಳು, ಆದರೆ ರುಚಿಯಲ್ಲಿ ಅದೇನೂ ಕಡಿಮೆಯದಲ್ಲ. ಹಣ್ಣನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ. ಗಾತ್ರಕ್ಕೆ ಮೀರಿ ಭಾರವೆನಿಸಬೇಕು, ಪೂರ್ತಿ ದುಂಡಗಿರುವ ಬದಲು ಬದಿಗಳು ಸ್ವಲ್ಪ ಚಪ್ಪಟೆಯಾಗಿ ಅಲ್ಲಲ್ಲಿ ಏಣು ಎದ್ದಿರಬೇಕು. ಒಳಗೆ ಕಾಳು ತುಂಬಿ ಬಲಿತಿರುವುದಕ್ಕೆ ಇದು ಗುರುತು. ಕಿತ್ತ ಮೇಲೆ ದಾಳಿಂಬೆ ಮಾವಿನಂತೆ ಮಾಗುವುದಿಲ್ಲ, ಆದ್ದರಿಂದ ಎಳೆಯ ಹಣ್ಣನ್ನು ತಂದು ಅಕ್ಕಿಯೊಳಗೆ ಹುದುಗಿಸಿಟ್ಟರೂ ಪ್ರಯೋಜನವಿಲ್ಲ. ಒಳಗೆ ಕಪ್ಪಾಗುವುದಕ್ಕೆ ಹೆಚ್ಚಾಗಿ ಹೂವಿನ ಹಂತದಲ್ಲೇ ಒಳಸೇರಿ ಕಾಯಿಯೊಂದಿಗೇ ಬೆಳೆಯುವ ಶಿಲೀಂಧ್ರ ಕಾರಣ. ಹೊರಗಿನಿಂದ ಅದು ಕಾಣುವುದೇ ಇಲ್ಲ, ಅಂಥ ಹಣ್ಣು ಕೆಲವೊಮ್ಮೆ ಹಗುರವಾಗಿರುತ್ತದೆಂಬುದಷ್ಟೇ ಸುಳಿವು. ಕಪ್ಪಾದ ಭಾಗವನ್ನು ಮಾತ್ರ ತೆಗೆದು ಉಳಿದದ್ದನ್ನು ಮಕ್ಕಳಿಗೆ ಕೊಡುವ ಉಳಿತಾಯ ಬೇಡ, ಇಡೀ ಹಣ್ಣನ್ನೇ ಎಸೆಯಿರಿ.

ಇನ್ನು ಬಿಡಿಸುವ ವಿಷಯ. ಹಣ್ಣನ್ನು ನಡುವೆ ಕತ್ತರಿಸುವುದರಿಂದಲೇ ಕಾಳುಗಳು ಒಡೆದು ರಸ ಚಿಮ್ಮುತ್ತದೆ. ಹಾಗೆ ಮಾಡದೆ, ಹಣ್ಣನ್ನು ತೊಳೆದು, ಮೇಲಿನ ಕಿರೀಟದ ಸುತ್ತ ಚೂಪಾದ ಸ್ಟೀಲ್ ಚಾಕುವಿನಿಂದ ಓರೆಯಾಗಿ ಕೊರೆದು ಅದನ್ನು ಬಿಲ್ಲೆಯಂತೆ ಎತ್ತಿ ತೆಗೆಯಿರಿ. ಆಗ ಒಳಗಿನ ಬಿಳಿ ಪೊರೆಗಳು ಯಾವ ಯಾವ ಕಡೆಗೆ ಹೋಗಿವೆಯೆಂದು ಕಾಣುತ್ತದೆ. ಆ ಪೊರೆಗಳ ನೇರಕ್ಕೆ ಸಿಪ್ಪೆಯ ಮೇಲಷ್ಟೇ ಗೀರು ಎಳೆದು ಎರಡೂ ಹೆಬ್ಬೆರಳಿನಿಂದ ಬಿಚ್ಚಿದರೆ ಹಣ್ಣು ತಾನಾಗಿ ಹೋಳುಗಳಾಗಿ ತೆರೆದುಕೊಳ್ಳುತ್ತದೆ. ಹೋಳನ್ನು ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಬೆರಳಿನಿಂದ ಉದುರಿಸಿದರೆ ಕಾಳು ತಳಕ್ಕಿಳಿಯುತ್ತದೆ, ಪೊರೆ ತೇಲುತ್ತದೆ, ಬಟ್ಟೆಗೆ ಒಂದು ಹನಿಯೂ ಸಿಡಿಯುವುದಿಲ್ಲ. ಪೊರೆ ಕಹಿಯಾದ್ದರಿಂದ ಅದನ್ನು ಪೂರ್ತಿ ಸೋಸಿ ತೆಗೆಯಬೇಕು. ಹಳೆಯ ಕಬ್ಬಿಣದ ಈಳಿಗೆಮಣೆಯನ್ನು ಈ ಕೆಲಸಕ್ಕೆ ಬಳಸದಿರುವುದು ಒಳಿತು, ಏಕೆಂದರೆ ಸಿಪ್ಪೆಯಲ್ಲಿರುವ ಒಗರಿನ ಅಂಶ ಕಬ್ಬಿಣಕ್ಕೆ ತಗುಲಿದೊಡನೆ ಕಪ್ಪಾಗಿ ಕೈಯನ್ನೂ ಹಣ್ಣನ್ನೂ ಕೆಡಿಸುತ್ತದೆ.

ಬಿಡಿಸಿದ ಕಾಳನ್ನು ನೀರು ಬಸಿದು, ಒಣಬಟ್ಟೆಯ ಮೇಲೆ ಹರಡಿ ಆರಿಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ನಾಲ್ಕು ದಿನ ಹಾಳಾಗದು. ತೀರಾ ಚಿಕ್ಕ ಮಕ್ಕಳಿಗೆ ಕಾಳು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಹಿಚುಕಿ ಸೋಸಿದ ರಸವನ್ನೇ ಕೊಡಿ.

ಪ್ರಶ್ನೆ: ನಾನು ಮಾಡುವ ದಾಳಿಂಬೆ ಕೋಸಂಬರಿ ಊಟಕ್ಕೆ ಕೂರುವ ಹೊತ್ತಿಗೆ ನೀರು ಬಿಟ್ಟುಕೊಂಡು ಪೇಲವವಾಗುತ್ತದೆ. ಉಪ್ಪು, ಖಾರದ ಪುಡಿ ಉದುರಿಸಿ ತಿನ್ನುವುದರ ಹೊರತಾಗಿ ಸಂಜೆಯ ತಿಂಡಿಗೆ ಬೇರೆ ಏನು ಮಾಡಬಹುದು?
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪು ದಾಳಿಂಬೆಯದಲ್ಲ, ಮೊದಲೇ ಹಾಕಿದ ಉಪ್ಪಿನದು. ಉಪ್ಪು ಸೌತೆಕಾಯಿಯ ನೀರನ್ನೂ ಕಾಳಿನ ರಸವನ್ನೂ ಹೊರಗೆಳೆಯುತ್ತದೆ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಚೆನ್ನಾಗಿ ಬಸಿದು, ಅದಕ್ಕೆ ದಾಳಿಂಬೆ, ತೆಂಗಿನತುರಿ, ಕೊತ್ತಂಬರಿ ಸೊಪ್ಪು ಬೆರೆಸಿ, ಸಾಸಿವೆ, ಇಂಗು, ಹಸಿಮೆಣಸಿನ ಒಗ್ಗರಣೆಯನ್ನು ಆರಿಸಿ ಹಾಕಿಡಿ. ಉಪ್ಪು ಮತ್ತು ನಿಂಬೆರಸವನ್ನು ಎಲೆಗೆ ಬಡಿಸುವ ಕ್ಷಣದಲ್ಲಷ್ಟೇ ಸೇರಿಸಿ. ಸೌತೆಕಾಯಿ ಬಿಟ್ಟರೂ ನಡೆಯುತ್ತದೆ, ನನ್ನ ಮಟ್ಟಿಗಂತೂ ದಾಳಿಂಬೆಯಿರುವ ಕೋಸಂಬರಿಗೆ ಅದು ಬೇಕಿಲ್ಲ.

ಸಂಜೆಗಾದರೆ, ಮೊಳಕೆ ಹೆಸರುಕಾಳನ್ನು ಆವಿಯಲ್ಲಿ ಸ್ವಲ್ಪ ಬೇಯಿಸಿ, ಹುರಿದ ಕಡಲೆಕಾಯಿ ಬೀಜ, ಈರುಳ್ಳಿ, ದಾಳಿಂಬೆ ಕಲಸಿ ಕಾಳುಮೆಣಸಿನ ಪುಡಿ ಉದುರಿಸಿದರೆ ಹೊಟ್ಟೆಯೂ ತುಂಬುತ್ತದೆ. ನಿಮ್ಮ ಕಡೆ ಚುರುಮುರಿಗೆ ಬರವಿಲ್ಲ. ಮಂಡಕ್ಕಿಗೆ ಒಂದು ಹಿಡಿ ದಾಳಿಂಬೆ ಸೇರಿಸಿದರೆ ಸೇವು, ಬೂಂದಿಯನ್ನು ಅರ್ಧಕ್ಕಿಳಿಸಬಹುದು. ಮೊಸರನ್ನಕ್ಕೂ, ಗಟ್ಟಿ ಮೊಸರಿನ ರಾಯ್ತಕ್ಕೂ ಕಾಳನ್ನು ಬಡಿಸುವಾಗ ಮೇಲಿನಿಂದ ಹಾಕಬೇಕೇ ಹೊರತು ಮೊದಲೇ ಕಲಸಬಾರದು. ಸಕ್ಕರೆ ಸೇರಿಸಿದ ಹಣ್ಣಿನ ರಸಾಯನಕ್ಕೆ ದಾಳಿಂಬೆ ಹಾಕುವ ರೂಢಿಯಿದೆ. ಅದನ್ನು ಹಬ್ಬಕ್ಕೆ ಮೀಸಲಿಡೋಣ.

ಪ್ರಶ್ನೆ: ಮಗಳಿಗೆ ರಕ್ತಹೀನತೆ ಇದೆ. ದಿನವೂ ಒಂದು ಲೋಟ ದಾಳಿಂಬೆ ರಸ ಕುಡಿಸಿದರೆ ರಕ್ತ ಹೆಚ್ಚುತ್ತದೆಂದು ಎಲ್ಲರೂ ಹೇಳುತ್ತಾರೆ. ನಿಜವೇ?
– ತಾಯಿ, ತುಮಕೂರು

ಉತ್ತರ: ಬಣ್ಣ ನೋಡಿ ಹುಟ್ಟಿದ ನಂಬಿಕೆ ಇದು. 100 ಗ್ರಾಂ ದಾಳಿಂಬೆ ಕಾಳಿನಲ್ಲಿರುವ ಕಬ್ಬಿಣಾಂಶ ಸುಮಾರು 0.3 ಮಿಲಿಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಹೀಗಿರುವಾಗ ವೈದ್ಯರು ಬರೆದುಕೊಟ್ಟ ಮಾತ್ರೆಯ ಜಾಗದಲ್ಲಿ ದಾಳಿಂಬೆಯನ್ನು ಇಡುವುದು ಅಪಾಯಕರ. ಹಣ್ಣಿನಲ್ಲಿರುವ ಸಿ ಜೀವಸತ್ವ ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸ್ವಲ್ಪ ನೆರವಾಗುತ್ತದೆ, ಆದರೆ ಆ ಕೆಲಸವನ್ನು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇನ್ನೂ ಚೆನ್ನಾಗಿ ಮಾಡುತ್ತದೆ.

ರಸಕ್ಕಿಂತ ಕಾಳೇ ಮೇಲು. 100 ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರು ಇರುತ್ತದೆ, ಸೋಸಿದಾಗ ಅದು ಜರಡಿಯಲ್ಲೇ ಉಳಿದು ಸಕ್ಕರೆ ಮಾತ್ರ ಲೋಟಕ್ಕಿಳಿಯುತ್ತದೆ. ಮಧುಮೇಹವಿರುವವರು ಒಂದು ಸಣ್ಣ ಬಟ್ಟಲಿಗೆ ನಿಲ್ಲಿಸಬೇಕು. ಮೂತ್ರಪಿಂಡದ ತೊಂದರೆಯಿಂದಾಗಿ ಪೊಟ್ಯಾಸಿಯಂ ಮಿತಿ ಇರುವವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ನಿತ್ಯ ದಾಳಿಂಬೆ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಅಂಗಡಿಯಿಂದ ತಂದ ದಾಳಿಂಬೆಯ ಸಿಪ್ಪೆಯಲ್ಲಿ ತಂಬುಳಿ ಮಾಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಒಣಗಿಸಿದ ಸಿಪ್ಪೆಯ ಚಿಕ್ಕ ಚೂರನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸುವ ತಂಬುಳಿ ಮಲೆನಾಡಿನ ಮನೆಗಳಲ್ಲಿ ಹೊಟ್ಟೆ ಕೆಟ್ಟಾಗ ಮಾಡುವಂಥದ್ದು. ಆದರೆ ಆ ಸಿಪ್ಪೆ ಹಿತ್ತಿಲ ಗಿಡದ್ದಾಗಿರುತ್ತಿತ್ತು. ಮಾರಾಟಕ್ಕೆ ಬೆಳೆಯುವ ತೋಟಗಳಲ್ಲಿ ದುಂಡಾಣು ಅಂಗಮಾರಿ ಎಂಬ ರೋಗಕ್ಕೂ ಕೀಟಗಳಿಗೂ ಹಲವು ಬಾರಿ ಔಷಧ ಸಿಂಪಡಿಸಬೇಕಾಗುತ್ತದೆ, ಅದು ಮೊದಲು ಬೀಳುವುದೇ ಸಿಪ್ಪೆಯ ಮೇಲೆ. ಆದ್ದರಿಂದ ಮನೆಯ ಗಿಡದ ಕಾಯಿ ಸಿಕ್ಕಾಗ ಅದರ ಸಿಪ್ಪೆಯನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿ ತುಂಬಿಟ್ಟುಕೊಳ್ಳಿ. ಅಂಗಡಿಯದನ್ನು ಗೊಬ್ಬರದ ಗುಂಡಿಗೆ ಹಾಕಿ.