ದೋಷವಿರುವುದು ನಾಲ್ಕನೆಯ ಸಾಲಿನಲ್ಲಲ್ಲ, ಮೂರನೆಯದರಲ್ಲಿ

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತ ತಂದ ರೈತರ ಹೆಸರು ಮತ್ತು ಊರಿನ ಪಟ್ಟಿ ವೇಬ್ರಿಡ್ಜ್‌ನಲ್ಲೊಂದು, ಕಚೇರಿಯಲ್ಲೊಂದು ಟೆಕ್ಸ್ಟ್ ಫೈಲ್ ಆಗಿರುತ್ತದೆ. ಎರಡನ್ನೂ ಹೋಲಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ನಾಲ್ಕನೆಯ ಸಾಲಿನಲ್ಲಿ ‘ಇನ್‌ವ್ಯಾಲಿಡ್ ಸಿಂಟ್ಯಾಕ್ಸ್’ (ಬರೆದ ರೀತಿ ಭಾಷೆಯ ನಿಯಮಕ್ಕೆ ಹೊಂದುವುದಿಲ್ಲ) ಎಂದು ನಿಲ್ಲುತ್ತದೆ. ಆ ಸಾಲನ್ನು ಮೂರು ಬಾರಿ ಅಳಿಸಿ ಬರೆದರೂ ಸರಿಹೋಗಿಲ್ಲ. ಪ್ರೋಗ್ರಾಂ ಕಳಿಸಿದ್ದೇನೆ.

ಉತ್ತರ: ನಿಮ್ಮ ನಾಲ್ಕನೆಯ ಸಾಲು ಸರಿಯಾಗಿಯೇ ಇದೆ. ಮೂರನೆಯ ಸಾಲಿನಲ್ಲಿ ‘ಸೆಟ್’, ‘ಓಪನ್’, ‘ರೀಡ್’, ‘ಸ್ಪ್ಲಿಟ್‌ಲೈನ್ಸ್’ ಪದಗಳ ಮುಂದೆ ಒಂದೊಂದರಂತೆ ನಾಲ್ಕು ಆವರಣ (ಬ್ರಾಕೆಟ್) ತೆರೆದಿದ್ದೀರಿ. ಮುಚ್ಚಿರುವುದು ಮೂರನ್ನು ಮಾತ್ರ. ಆವರಣ ಮುಚ್ಚುವವರೆಗೆ ಪೈಥಾನ್ ಪಾಲಿಗೆ ಆ ವಾಕ್ಯ ಮುಗಿದಿರುವುದಿಲ್ಲವಾದ್ದರಿಂದ, ಅದು ನಾಲ್ಕನೆಯ ಸಾಲನ್ನೂ ಮೂರನೆಯದರ ಮುಂದುವರಿಕೆಯೆಂದೇ ಓದುತ್ತದೆ ಮತ್ತು ಅಲ್ಲಿಗೆ ಹೊಂದದ ಪದ ಎದುರಾದಾಗ ನಿಲ್ಲುತ್ತದೆ. ದೋಷ ತೋರಿಸಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಮೇಲಿನ ಸಾಲಿನ ಆವರಣಗಳನ್ನು ಎಣಿಸಿ. 2021ರಲ್ಲಿ ಬಂದ 3.10ನೇ ಆವೃತ್ತಿಯಿಂದ ಈಚೆಗೆ, ಯಾವ ಆವರಣ ಮುಚ್ಚಿಲ್ಲವೆಂದು ಪೈಥಾನ್ ತಾನೇ ತಿಳಿಸುತ್ತದೆ. ನಿಮ್ಮಲ್ಲಿರುವುದು ಅದಕ್ಕಿಂತ ಹಳೆಯದೆಂದು ತೋರುತ್ತದೆ. ಹೊಸದನ್ನು ಹಾಕಿಕೊಳ್ಳಿ, ಕಲಿಯುವವರಿಗೆ ಇದು ಸಣ್ಣ ನೆರವಲ್ಲ.

ಇದನ್ನು ತಿದ್ದಿದ ಕೂಡಲೇ ಆರನೆಯ ಸಾಲಿನಲ್ಲಿ ಇನ್ನೊಂದು ದೋಷ ಏಳುತ್ತದೆ. ಪಟ್ಟಿಗಳೆರಡೂ ಒಂದೇ ಆಗಿವೆಯೇ ಎಂದು ಕೇಳುವ ‘ಇಫ್’ನಲ್ಲಿ ಒಂದೇ ಸಮಚಿಹ್ನೆ ಹಾಕಿದ್ದೀರಿ, ಹೋಲಿಸಲು ಎರಡು ಬೇಕು.

ಸಿಂಟ್ಯಾಕ್ಸ್ ಸರಿಯಾದರೂ ನಿಮ್ಮ ಲೆಕ್ಕ ತಪ್ಪಬಹುದೆಂಬುದು ನನಗೆ ಹೆಚ್ಚು ಚಿಂತೆಯ ವಿಷಯ. ಒಬ್ಬರೇ ರೈತರು ಎರಡು ಟ್ರ್ಯಾಕ್ಟರ್ ಭತ್ತ ತಂದು, ಅವರ ಹೆಸರು ಎರಡು ಸಲ ಬರೆದಿದ್ದರೆ, ‘ಸೆಟ್’ ಅದನ್ನು ಒಂದೇ ಎಂದು ಹಿಡಿಯುತ್ತದೆ. ಕಚೇರಿಯ ಪಟ್ಟಿಯಲ್ಲಿ ಒಂದು ಲೋಡ್ ಬಿಟ್ಟುಹೋಗಿದ್ದರೂ ಪಟ್ಟಿಗಳು ಹೊಂದುತ್ತವೆ ಎಂದೇ ಉತ್ತರ ಬರುತ್ತದೆ. ಆದ್ದರಿಂದ ‘ಸೆಟ್’ ಬದಲು ಪೈಥಾನ್ ಜೊತೆಗೇ ಬರುವ ‘ಕಲೆಕ್ಷನ್ಸ್’ ಮಾಡ್ಯೂಲಿನಲ್ಲಿರುವ, ಪ್ರತಿ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸುವ ‘ಕೌಂಟರ್’ ಬಳಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ; ಯಾವ ಹೆಸರು ಎಷ್ಟು ಸಲ ಹೆಚ್ಚಿದೆ ಎಂಬುದು ಸಿಗುತ್ತದೆ. ಹಿಂದುಮುಂದಾಗಿಯೂ ಒಮ್ಮೆ ಕಳೆದು ನೋಡಿ.

ಹೆಸರುಗಳು ಕನ್ನಡದಲ್ಲಿರುವುದರಿಂದ ‘ಓಪನ್’ ಒಳಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಪದ್ಧತಿ) ಯುಟಿಎಫ್-8 ಎಂದು ನಮೂದಿಸಿ. ಅಷ್ಟಾದರೂ ‘ಕೊಪ್ಪಳ’ ಎಂಬ ಪದ ಎರಡು ಫೈಲ್‌ಗಳಲ್ಲಿ ಬೇರೆ ಬೇರೆ ಎನಿಸಬಹುದು. ಅದರ ಮೊದಲ ಅಕ್ಷರದ ಒತ್ವದ ಚಿಹ್ನೆಯನ್ನು, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿಯೂ ಉಳಿಸಲು ಸಾಧ್ಯ. ಕಣ್ಣಿಗೆ ಒಂದೇ ಆಗಿ ಕಂಡರೂ ಪೈಥಾನ್‌ಗೆ ಅವು ಬೇರೆ. ಹೋಲಿಸುವ ಮುನ್ನ ಎರಡೂ ಫೈಲ್‌ಗಳ ಪಠ್ಯವನ್ನು ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ ಮೂಲಕ, ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.