ಎದೆಯೊಳಗಿನ ಟಿಕ್ ಟಿಕ್ ಸದ್ದು

ಹೃದಯದ ಮೈಟ್ರಲ್ ಕವಾಟ ಬದಲಿಸಿ ಮೂರು ವಾರವಾದರೂ ಅಮ್ಮ ರಾತ್ರಿ ಎದೆಯ ಟಿಕ್ ಟಿಕ್ ಸದ್ದಿಗೆ ಎದ್ದು ಅಳುತ್ತಾರೆ, ಹೇಗೆ ಧೈರ್ಯ ಹೇಳಲಿ ಎಂದು ಕೇಳಿದ್ದೀರಿ. ಓದಿ ಕರುಳು ಚುರುಕ್ಕೆಂದಿತು. ನನ್ನ ಎದೆಯಲ್ಲಿಯೂ ಯಾಂತ್ರಿಕ ಕವಾಟವಿದೆ.

ಅದು ಕವಾಟದ ಬಿಲ್ಲೆ ಮುಚ್ಚಿಕೊಳ್ಳುವ ಸದ್ದು, ಸಹಜವಾದದ್ದು. ವೈದ್ಯರು ಇದನ್ನೇ ಹೇಳಿದಾಗ ನನಗೆ ಸಮಾಧಾನವಾಗಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆಯ ಸರದಿಯಲ್ಲಿ ಪಕ್ಕ ಕುಳಿತಿದ್ದ ಅಜ್ಜಿಯೊಬ್ಬರು, "ಹತ್ತು ವರ್ಷದಿಂದ ಇದೇ ನನಗೆ ಜೋಗುಳ, ಮಗಾ" ಎಂದು ಕೈ ಹಿಡಿದುಕೊಂಡರು. ಆ ರಾತ್ರಿ ನಿದ್ದೆ ಬಂತು. ಅಮ್ಮನಿಗೂ ಅಂಥವರೊಬ್ಬರು ಬೇಕು. ನೀವೆಷ್ಟೇ ಪ್ರೀತಿಸಿದರೂ ಎದೆ ಸೀಳಿಸಿಕೊಂಡವರ ಮಾತಿನ ತೂಕವೇ ಬೇರೆ. ಮುಂದಿನ ಪರೀಕ್ಷೆಗೆ ಅರ್ಧ ಗಂಟೆ ಮೊದಲೇ ಹೋಗಿ, ಅಲ್ಲಿ ಕಾಯುತ್ತಿರುವವರನ್ನು ಮಾತನಾಡಿಸಿ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳುವುದನ್ನು ನಾನು ಕಲಿತದ್ದೂ ಅಲ್ಲಿಯೇ.

ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪ್ರಮಾಣವನ್ನು ಯಾರ ಮಾತು ಕೇಳಿಯೂ ಬದಲಿಸಬೇಡಿ, ಅದು ವೈದ್ಯರದ್ದು. ಸೊಪ್ಪು ಈ ಮಾತ್ರೆಯ ಪರಿಣಾಮವನ್ನು ಬದಲಿಸುತ್ತದೆ, ಆದರೂ ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ. ಸದ್ದು ಹಠಾತ್ತನೆ ಮಂಕಾದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಳು ಇನ್ನೂ ಎರಡು ವಾರ ನಿಲ್ಲದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಈ ಶಸ್ತ್ರಚಿಕಿತ್ಸೆಯ ನಂತರ ಖಿನ್ನತೆ ಅಪರೂಪವಲ್ಲ, ಅದಕ್ಕೆ ಚಿಕಿತ್ಸೆಯಿದೆ.