ನೊಣ ಸಾಯದಿದ್ದರೂ ಮೊಟ್ಟೆ ಒಡೆಯಬಾರದು

ಪ್ರಶ್ನೆ: ಫೋಂಡಾದ ಹತ್ತಿರ ನಮ್ಮದೊಂದು ಸಣ್ಣ ತೋಟವಿದೆ. ಅದರಲ್ಲಿ ಮಾನ್‌ಕುರಾದ್ ಮಾವಿನ ಮರಗಳೇ ಹೆಚ್ಚು. ಹಣ್ಣುನೊಣಗಳನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಹಾಕಿದ ಬಲೆಗಳನ್ನು ಕಟ್ಟುತ್ತೇವೆ. ಬಾಟಲಿ ತುಂಬ ನೊಣಗಳು ಬೀಳುತ್ತವೆ, ಆದರೂ ಹಣ್ಣು ಕೊಯ್ದರೆ ಒಳಗೆ ಹುಳ. ವಂಶವಾಹಿಯ ಬಾಯಿ ಕಟ್ಟಿ ನೊಣಗಳು ಮರಿ ಮಾಡದಂತೆ ತಡೆಯುವ ವಿಧಾನ ಬಂದಿದೆ ಎಂದು ಎಲ್ಲೋ ಓದಿದೆ. ಅದು ಹೇಗೆ ಕೆಲಸ ಮಾಡುತ್ತದೆ? ನಮಗೆ ಸಿಗುತ್ತದೆಯೆ?
— ಓದುಗರೊಬ್ಬರು, ಫೋಂಡಾ, ಗೋವಾ

ಉತ್ತರ: ಮೊದಲು ತಮ್ಮ ಬಾಟಲಿಯ ವಿಷಯ. ಮೀಥೈಲ್ ಯೂಜಿನಾಲ್‌ಗೆ ಮರುಳಾಗಿ ಬರುವುದು ಗಂಡು ನೊಣ ಮಾತ್ರ. ಹಣ್ಣಿನ ಸಿಪ್ಪೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಅದು ಬಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಆದ್ದರಿಂದ ಸುತ್ತಲಿನ ತೋಟದವರೆಲ್ಲ ಒಟ್ಟಾಗಿ ಬಲೆ ಕಟ್ಟಿದಾಗ ಮಾತ್ರ ಗಂಡುಗಳ ಸಂಖ್ಯೆ ಹೆಣ್ಣುಗಳಿಗೆ ಜೊತೆ ಸಿಗದಷ್ಟು ಇಳಿಯುತ್ತದೆ. ಒಂಟಿ ತೋಟದಲ್ಲಿ ಬಾಟಲಿ ತುಂಬಿದರೂ, ಪಕ್ಕದ ತೋಟದಲ್ಲಿ ಆಗಲೇ ಗರ್ಭ ಧರಿಸಿದ ಹೆಣ್ಣುಗಳು ಹಾರಿ ಬರುವುದು ನಿಲ್ಲುವುದಿಲ್ಲ. ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಒಡೆದು, ಮರಿಗಳು ತಿರುಳು ತಿಂದು ಬೆಳೆದು, ಮಣ್ಣಿಗೆ ಬಿದ್ದು ಕೋಶ (ಪ್ಯೂಪಾ) ಆಗುತ್ತವೆ. ಮರಿ ಹಣ್ಣಿನೊಳಗೆ ಇರುವಾಗ ಮೇಲೆ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಹೆಣ್ಣಿನ ಅಂಡಾಶಯದ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದಿರುವುದು ಈ ಕಾರಣಕ್ಕೆ.

ವಿಧಾನದ ಬುಡದಲ್ಲಿರುವ ತತ್ತ್ವ ಇದು. ಜೀವಕೋಶದಲ್ಲಿ ಡಿಎನ್‌ಎಯ ಆದೇಶವನ್ನು ಒಂಟಿ ಎಳೆಯ ಸಂದೇಶವಾಹಕ ಆರ್‌ಎನ್‌ಎ ಹೊತ್ತೊಯ್ಯುತ್ತದೆ. ಆ ಆದೇಶದಂತೆ ಪ್ರೋಟೀನು ತಯಾರಾಗುತ್ತದೆ. ಎರಡೆಳೆಯ ಆರ್‌ಎನ್‌ಎ ಕಂಡರೆ ಜೀವಕೋಶವು ಅದನ್ನು ವೈರಸ್ಸಿನ ಲಕ್ಷಣವೆಂದು ಬಗೆದು, ಡೈಸರ್ ಎಂಬ ಕಿಣ್ವದಿಂದ ಸುಮಾರು 21 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತದೆ. ಬಳಿಕ ಆರ್ಗೊನಾಟ್ ಎಂಬ ಪ್ರೋಟೀನು ಆ ತುಂಡನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಸಂದೇಶ ಎಲ್ಲಿ ಕಂಡರೂ ಕಡಿದು ಹಾಕುತ್ತದೆ. ಹಾಗಾಗಿ ನಮಗೆ ಬೇಕಾದ ವಂಶವಾಹಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ಕೀಟದೊಳಗೆ ಕಳಿಸಿದರೆ, ಆ ವಂಶವಾಹಿ ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ಕೆಲಸದ ಜಾಗವನ್ನು ತಲುಪುವುದಿಲ್ಲ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಇದನ್ನು 1998ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ತೋರಿಸಿಕೊಟ್ಟರು. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಯಾವ ಮಾತನ್ನು ತಡೆಯಬೇಕು ಎಂಬುದು ಮುಂದಿನ ಪ್ರಶ್ನೆ. ಹೆಣ್ಣು ಕೀಟದ ದೇಹದಲ್ಲಿ ಕೊಬ್ಬಿನ ಅಂಗಾಂಶವು ವೈಟೆಲ್ಲೊಜೆನಿನ್ ಎಂಬ ಪ್ರೋಟೀನನ್ನು ತಯಾರಿಸಿ ರಕ್ತರಸಕ್ಕೆ ಬಿಡುತ್ತದೆ. ಬೆಳೆಯುತ್ತಿರುವ ಅಂಡಾಣು ತನ್ನ ಮೈಮೇಲಿನ ಗ್ರಾಹಕಗಳಿಂದ ಅದನ್ನು ಹೀರಿ ಭಂಡಾರವಾಗಿ ತುಂಬಿಕೊಳ್ಳುತ್ತದೆ. ಹುಟ್ಟಲಿರುವ ಮರಿಗೆ ಇದೇ ಬುತ್ತಿ. ಈ ಪ್ರೋಟೀನನ್ನಾಗಲಿ ಅದರ ಗ್ರಾಹಕವನ್ನಾಗಲಿ ಮೌನಗೊಳಿಸಿದರೆ ಅಂಡಾಶಯ ಸೊರಗುತ್ತದೆ. ತೆಂಗನ್ನು ಒಳಗಿಂದಲೇ ತಿಂದುಹಾಕುವ ಕೆಂಪುಮೂತಿ ದುಂಬಿಯಲ್ಲೂ ಭತ್ತದ ಕಂದು ಜಿಗಿಹುಳದಲ್ಲೂ ಹೀಗಾಗುವುದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಇದಕ್ಕಿಂತ ನನ್ನ ಗಮನ ಸೆಳೆದದ್ದು ಅಮೆರಿಕದ ಮೆಕ್ಕೆಜೋಳದ ಬೇರುಹುಳದ ಮೇಲಿನ ಪ್ರಯೋಗ. ಭ್ರೂಣದ ಬೆಳವಣಿಗೆಗೆ ಬೇಕಾದ ವಂಶವಾಹಿಗಳಿಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ಆ ಹುಳ ಬೆಳೆದು ಆಗುವ ಹೆಣ್ಣು ದುಂಬಿಗಳಿಗೆ ಆಹಾರದಲ್ಲಿ ತಿನ್ನಿಸಿದಾಗ ಅವು ಆರೋಗ್ಯವಾಗಿಯೇ ಬದುಕಿದವು, ಮೊಟ್ಟೆಗಳನ್ನೂ ಇಟ್ಟವು. ಮೊಟ್ಟೆಗಳು ಮಾತ್ರ ಒಡೆಯಲಿಲ್ಲ. ತಾಯಿ ನುಂಗಿದ್ದು ಮಗುವಿಗೆ ತಟ್ಟಿತ್ತು.

ಚುಚ್ಚುಮದ್ದು ಕೊಟ್ಟು ನೊಣದ ಅಂಡಾಶಯ ಕುಗ್ಗಿಸುವುದು ಪ್ರಯೋಗಾಲಯದಲ್ಲಿ ಆಗುವ ಮಾತು, ತೋಟದಲ್ಲಿ ಯಾರು ಯಾವ ನೊಣ ಹಿಡಿದು ಸೂಜಿ ಚುಚ್ಚುತ್ತಾರೆ? ನೊಣವೇ ಅದನ್ನು ತಿನ್ನಬೇಕು, ತಿಂದದ್ದು ಕರುಳಿನಲ್ಲಿ ಹಾಳಾಗದೆ ಒಳಗೆ ಇಳಿಯಬೇಕು. ದುಂಬಿಗಳಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಕಾಯಿಕೊರಕದಂಥ ಪತಂಗಗಳ ಮರಿಹುಳುಗಳಲ್ಲಿ ಕರುಳಿನ ಕಿಣ್ವಗಳೇ ಆರ್‌ಎನ್‌ಎಯನ್ನು ಚೂರುಚೂರು ಮಾಡಿಬಿಡುತ್ತವೆ. ಹಣ್ಣುನೊಣದಲ್ಲಿ ಫಲಿತಾಂಶ ಒಂದೊಂದು ಪ್ರಯೋಗದಲ್ಲಿ ಒಂದೊಂದು ತರಹ. ಆದರೂ ನೊಣದ ಮಟ್ಟಿಗೆ ಒಂದು ಅನುಕೂಲವಿದೆ. ಕೋಶದಿಂದ ಹೊರಬಂದ ಹೆಣ್ಣಿಗೆ ಮೊಟ್ಟೆ ಬಲಿಯಬೇಕಾದರೆ ಪ್ರೋಟೀನು ಆಹಾರ ಬೇಕೇ ಬೇಕು. ಅದಕ್ಕಾಗಿ ಅದು ಹುಡುಕಾಡುತ್ತದೆ. ಈಗಾಗಲೇ ಬಳಕೆಯಲ್ಲಿರುವ ಪ್ರೋಟೀನು ಆಮಿಷದಲ್ಲಿ ಕೀಟನಾಶಕದ ಬದಲು ಎರಡೆಳೆಯ ಆರ್‌ಎನ್‌ಎ ಬೆರೆಸುವ ದಾರಿ ನನಗೆ ಎಲ್ಲಕ್ಕಿಂತ ಸಮಂಜಸವಾಗಿ ಕಾಣುತ್ತದೆ.

ಸಿಗುತ್ತದೆಯೆ ಎಂದು ಕೇಳಿದ್ದೀರಿ. ಭಾರತದಲ್ಲಿ ಹಣ್ಣುನೊಣಕ್ಕೆಂದು ಇಂಥ ಯಾವ ಉತ್ಪನ್ನವೂ ನೋಂದಣಿಯಾಗಿಲ್ಲ. 1968ರ ಕೀಟನಾಶಕ ಕಾಯಿದೆಯಂತೆ ನೋಂದಣಿ ಸಂಖ್ಯೆಯಿಲ್ಲದ ಡಬ್ಬಿಯನ್ನು ಮಾರುವಂತಿಲ್ಲ. ಅಂಗಡಿಯವರು ‘ಆರ್‌ಎನ್‌ಎ ಔಷಧಿ’ ಎಂದು ಏನನ್ನಾದರೂ ಮುಂದಿಟ್ಟರೆ ಲೇಬಲ್ ತಿರುಗಿಸಿ ನೋಡಿ. ಸದ್ಯಕ್ಕೆ ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ಆಳವಾಗಿ ಹೂಳಿ, ಮರಗಳ ಬುಡದ ಮಣ್ಣನ್ನು ಕೆದಕಿ ಕೋಶಗಳನ್ನು ಬಿಸಿಲಿಗೆ ಒಡ್ಡಿ, ಆಯ್ದ ಹಣ್ಣುಗಳಿಗೆ ಕಾಗದದ ಚೀಲ ತೊಡಿಸಿ. ಬಲೆಯ ಜೊತೆಗೆ ಪ್ರೋಟೀನು ಆಮಿಷವನ್ನೂ ಇಡಿ, ನೆರೆಯವರನ್ನೂ ಸೇರಿಸಿಕೊಳ್ಳಿ. ಹಳೆ ಗೋವಾದ ಏಲಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ತಮಗೆ ದೂರವೇನಲ್ಲ. ಆಮಿಷದ ಪ್ರಮಾಣವನ್ನು ಅಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು: ಮೊಟ್ಟೆ ತಡೆಯುವ ವಿಧಾನ ಮುಂದೆ ಬಂದರೂ, ಆಗಲೇ ಹಣ್ಣಿನೊಳಗೆ ಸೇರಿದ ಹುಳವನ್ನು ಅದು ತೆಗೆಯುವುದಿಲ್ಲ. ಅದರ ಲಾಭ ಮುಂದಿನ ಪೀಳಿಗೆಯಲ್ಲಿ ಕಾಣಬೇಕು. ಸಿಂಪಡಿಸಿದ ಮರುದಿನ ಸತ್ತ ನೊಣ ಎಣಿಸುವ ರೂಢಿಯವರಿಗೆ ಇದು ಒಗ್ಗುವುದು ಕಷ್ಟ.

ಪ್ರಶ್ನೆ: ಇದು ಕುಲಾಂತರಿ ಬೆಳೆಯೇ ಅಲ್ಲವೆ? ನೊಣದ ಸಂತಾನ ನಿಲ್ಲಿಸುವ ವಸ್ತು ಹಣ್ಣಿನ ಮೇಲಿದ್ದರೆ ತಿಂದ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಹೇಗೆ ನಂಬುವುದು? ಜೇನುಹುಳುಗಳ ಗತಿಯೇನು?
— ಗೃಹಿಣಿಯೊಬ್ಬರು, ಹಡಪ್‌ಸರ್, ಪುಣೆ

ಉತ್ತರ: ಎರಡು ದಾರಿಗಳಿವೆ. ಗಿಡವೇ ತನ್ನೊಳಗೆ ಎರಡೆಳೆಯ ಆರ್‌ಎನ್‌ಎ ತಯಾರಿಸುವಂತೆ ಮಾಡಿದರೆ ಅದು ಕುಲಾಂತರಿ. ಬೇರುಹುಳದ ವಿರುದ್ಧ ಅಂಥ ಮೆಕ್ಕೆಜೋಳಕ್ಕೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿ ಆ ದಾರಿ ಹಿಡಿದವರು, 2010ರಲ್ಲಿ ಬಿಟಿ ಬದನೆಗೆ ತಡೆ ಬಿದ್ದದ್ದನ್ನು ನೆನೆದೇ ಹೆಜ್ಜೆ ಇಡಬೇಕಾಗುತ್ತದೆ. ಹೊರಗಿನಿಂದ ಸಿಂಪಡಿಸುವುದು ಎರಡನೆಯ ದಾರಿ. ಇದರಲ್ಲಿ ಗಿಡದ ವಂಶವಾಹಿಯೂ ಬದಲಾಗುವುದಿಲ್ಲ, ನೊಣದ್ದೂ ಬದಲಾಗುವುದಿಲ್ಲ. ಆಲೂಗಡ್ಡೆಯ ದುಂಬಿಗೆಂದು ತಯಾರಾದ ‘ಕ್ಯಾಲಂತ’ ಎಂಬ ಸಿಂಪರಣೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ಅದು ದುಂಬಿಯನ್ನು ಕೊಲ್ಲುವ ಉತ್ಪನ್ನ, ಮೊಟ್ಟೆ ನಿಲ್ಲಿಸುವುದಲ್ಲ. ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ.

ಮಕ್ಕಳ ವಿಷಯದಲ್ಲಿ ನನಗೆ ಆತಂಕವಿಲ್ಲ. ಅನ್ನ, ಸೊಪ್ಪು, ಮೀನು ಯಾವುದನ್ನು ತಿಂದರೂ ನಾವು ಆರ್‌ಎನ್‌ಎಯನ್ನೂ ತಿನ್ನುತ್ತೇವೆ. ಹೊಟ್ಟೆಯ ಆಮ್ಲ ಮತ್ತು ಕಿಣ್ವಗಳು ಅದನ್ನು ಒಡೆಯುತ್ತವೆ. ಮೇಲಾಗಿ ಸುಮಾರು 21 ಅಕ್ಷರಗಳ ಸಾಲು ಹೊಂದದಿದ್ದರೆ ಕತ್ತರಿ ಆಡುವುದಿಲ್ಲ. ಮಣ್ಣಿನಲ್ಲೂ ಅದು ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಬೇಗ ಕೊಳೆಯುವುದೇ ರೈತನಿಗೆ ತೊಡಕು. ಮಳೆ ಬಿದ್ದರೆ, ಬಿಸಿಲು ಏರಿದರೆ ಮತ್ತೆ ಸಿಂಪಡಿಸಬೇಕಾಗುತ್ತದೆ.

ಜೇನಿನ ಬಗ್ಗೆ ತಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ವೈಟೆಲ್ಲೊಜೆನಿನ್ ಜೇನುಹುಳುವಿಗೂ ಇದೆ, ಅಷ್ಟೇ ಅಲ್ಲ, ಮೊಟ್ಟೆ ಇಡದ ಕೆಲಸಗಾರ ಹುಳುಗಳ ಆಯುಸ್ಸಿಗೂ ಅದು ಬೇಕು. ಹಾಗಾಗಿ ನೊಣದ ವಂಶವಾಹಿಯಲ್ಲಿ ಜೇನಿನದಕ್ಕೆ ಹೋಲದ ಭಾಗವನ್ನೇ ಆರಿಸಬೇಕು, ಆರಿಸಿದ ಮೇಲೆ ಜೇನಿಗೆ ನಿಜವಾಗಿಯೂ ತಿನ್ನಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದೆವು ಎಂಬ ಮಾತಿಗೆ ಒಪ್ಪಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ವಿಕಿರಣದಿಂದ ಗಂಡು ನೊಣಗಳನ್ನು ನಿಷ್ಫಲಗೊಳಿಸಿ ಬಿಡುವ ಹಳೆಯ ವಿಧಾನವಿದ್ದಾಗ ಇದೇಕೆ? ಕೀಟಗಳು ಇದಕ್ಕೂ ಒಗ್ಗಿಕೊಳ್ಳುವುದಿಲ್ಲವೆ?
— ಜೀವಶಾಸ್ತ್ರದ ವಿದ್ಯಾರ್ಥಿ, ಡೊಂಬಿವಲಿ, ಮುಂಬಯಿ

ಉತ್ತರ: ಹಳೆಯ ವಿಧಾನ ಸೋತಿಲ್ಲ. ದನಗಳ ಗಾಯದಲ್ಲಿ ಮೊಟ್ಟೆ ಇಡುವ ಸ್ಕ್ರೂವರ್ಮ್ ನೊಣವನ್ನು 1954ರಲ್ಲಿ ಕುರಸಾವ್ ದ್ವೀಪದಲ್ಲಿ ಅದರಿಂದಲೇ ನಿರ್ಮೂಲ ಮಾಡಿದರು. ಆದರೆ ವಿಕಿರಣ ಹೆಚ್ಚಾದರೆ ಗಂಡು ಸೊರಗಿ, ಕಾಡಿನ ಗಂಡುಗಳ ಎದುರು ಹೆಣ್ಣನ್ನು ಗೆಲ್ಲಲಾರದು. ವೀರ್ಯಾಣು ತಯಾರಿಯ ವಂಶವಾಹಿಗಳನ್ನಷ್ಟೇ ಮೌನಗೊಳಿಸಿದರೆ ಮೈಕಸುವು ಉಳಿಯಬಹುದೆಂಬ ಆಸೆಯಿಂದ ಕ್ವೀನ್ಸ್‌ಲ್ಯಾಂಡ್ ಹಣ್ಣುನೊಣದಲ್ಲಿ ಪ್ರಯತ್ನ ನಡೆದಿದೆ. ಸಂತತಿ ಇಳಿಯಿತು, ಪೂರ್ತಿ ನಿಲ್ಲಲಿಲ್ಲ.

ಒಗ್ಗಿಕೊಳ್ಳುವ ಪ್ರಶ್ನೆ ಇನ್ನೂ ಗಟ್ಟಿಯದು. ಮೆಕ್ಕೆಜೋಳದ ಬೇರುಹುಳದಲ್ಲಿ ಪ್ರಯೋಗಾಲಯದ ಆಯ್ಕೆಯಿಂದ ನಿರೋಧಕ ತಳಿಯನ್ನು ಬೆಳೆಸಿದವರು 2018ರಲ್ಲಿ ಅದನ್ನು ವರದಿ ಮಾಡಿದರು. ಆ ಹುಳಗಳು ಗುರಿಯ ವಂಶವಾಹಿಯನ್ನು ಬದಲಿಸಿಕೊಂಡಿರಲಿಲ್ಲ. ಕರುಳಿನಿಂದ ಎರಡೆಳೆಯ ಆರ್‌ಎನ್‌ಎಯನ್ನು ಒಳಕ್ಕೆ ಎಳೆದುಕೊಳ್ಳುವುದನ್ನೇ ಬಿಟ್ಟಿದ್ದವು. ಪರಿಣಾಮವಾಗಿ ಬೇರೆ ವಂಶವಾಹಿಯ ಮೇಲೆ ಗುರಿಯಿಟ್ಟ ಆರ್‌ಎನ್‌ಎಯೂ ಅವುಗಳ ಮೇಲೆ ನಾಟಲಿಲ್ಲ. ರಾಸಾಯನಿಕಗಳಲ್ಲಿ ಒಂದು ಸೋತರೆ ಇನ್ನೊಂದಕ್ಕೆ ಬದಲಾಯಿಸುವ ನಮ್ಮ ಪರಿಪಾಠ ಇಲ್ಲಿ ನಡೆಯದು. ಮೊದಲ ವರ್ಷದಿಂದಲೇ ಬಲೆ, ಸ್ವಚ್ಛತೆ, ಚೀಲಗಳ ಜೊತೆಯಲ್ಲಿ ಮಾತ್ರ ಇದನ್ನು ಬಳಕೆಗೆ ತರಬೇಕು.